ಅರೆದ ಮದ್ದು, ಸಿಡಿದ ಮದ್ದು, ಚುಚ್ಚಿದ ಮದ್ದು

ರೋಗ ಕಳೆಯುವುದಕ್ಕೂ ಕೋಟೆ ಒಡೆಯುವುದಕ್ಕೂ, ಮುನಿದ ಗಂಡನನ್ನು ಒಲಿಸಿಕೊಳ್ಳುವುದಕ್ಕೂ ಶೇಂಗಾ ಹೊಲದ ಹುಳು ಸಾಯಿಸುವುದಕ್ಕೂ ಕನ್ನಡಕ್ಕೆ ಒಂದೇ ಮಾತು ಸಾಕಾಗಿತ್ತು: ಮದ್ದು. ನಿಘಂಟಿನ ಪುಟದಲ್ಲಿ ಈ ಅರ್ಥಗಳೆಲ್ಲ ಅಂಕಿ ಹಚ್ಚಿಕೊಂಡು ಒಂದರ ಕೆಳಗೊಂದು ಶಿಸ್ತಾಗಿ ಕೂತಿರುತ್ತವೆ. ಬಾಳಿ ಬದುಕಿದ ಭಾಷೆಯಲ್ಲಿ ಅವು ಹಾಗೆ ಕೂರುವುದಿಲ್ಲ ಎಂಬುದು ನಮ್ಮಂಥ ಪದದ ಹುಚ್ಚಿನವರಿಗೆ ಗೊತ್ತಿದ್ದದ್ದೇ. ಒಂದರ ಮಗ್ಗುಲಲ್ಲಿ ಇನ್ನೊಂದು ಹೊರಳುತ್ತಿರುತ್ತದೆ, ಒಂದನ್ನು ಕರೆದರೆ ಇನ್ನೊಂದೂ ಓಗೊಡುತ್ತದೆ. 2020 ಮತ್ತು 2021ರಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ‘ಸ್ಟೀರಾಯ್ಡ್’ ಎಂಬ ಮಾತು ಕೊರೊನಾದ ಬೆನ್ನಿಗೇ ಬಂದಿಳಿದಾಗ ಈ ಹಳೆಯ ಪದದ ಮಲಗಿದ್ದ ಅರ್ಥಗಳೆಲ್ಲ ಒಮ್ಮೆಗೇ ಎದ್ದು ಕೂತವು ಎಂಬುದು ನನ್ನ ಗುಮಾನಿ. ಬದುಕಿಸಿದ್ದೂ ಅದೇ, ಕೆಡಿಸಿದ್ದೂ ಅದೇ ಎಂಬ ವಸ್ತುವನ್ನು ಔಷಧ ಎಂದರೆ ಅರ್ಧ ಹೇಳಿದಂತೆ, ವಿಷ ಎಂದರೆ ಉಳಿದರ್ಧ. ಮದ್ದು ಎಂದರೆ ಪೂರ್ತಿ.

ಮೊದಲು ಬೇರಿನ ಮಾತು. ಹಳಗನ್ನಡದಲ್ಲಿ ಇದು ಮರ್ದು. ನಡುವಿನ ರೇಫೆ ಸವೆದು, ಸವೆದ ಜಾಗವನ್ನು ಪಕ್ಕದ ವ್ಯಂಜನವೇ ಇಮ್ಮಡಿಸಿ ತುಂಬಿಕೊಳ್ಳುವ ಮಾರ್ಪಾಟು ನಮಗೆ ಚಿರಪರಿಚಿತ: ಇರ್ದು ಇದ್ದು ಆಯಿತು, ಪೆರ್ಚು ಹೆಚ್ಚು ಆಯಿತು, ಕರ್ಚು ಕಚ್ಚು ಆಯಿತು, ಹಾಗೆಯೇ ಮರ್ದು ಮದ್ದಾಯಿತು. ತುಳುವಿನಲ್ಲಿ ಆ ರೇಫೆ ಇನ್ನೂ ಜೀವಂತ, ಅಲ್ಲಿ ಇವತ್ತಿಗೂ ಮರ್ದ್. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಎಲ್ಲವೂ ಒಡಹುಟ್ಟುಗಳು. ಅವರ ಬಾಯಲ್ಲಿ ಉಳಿದ ಅನುನಾಸಿಕ ನಮ್ಮಲ್ಲಿ ಎಲ್ಲಿ ಹೋಯಿತು ಎಂದು ಶಂಕಿಸುವವರು ತಲೆಯೆತ್ತಿ ಹದ್ದನ್ನು ನೋಡಬಹುದು: ತಮಿಳಿನ ಪರುಂದು ನಮ್ಮಲ್ಲಿ ಪರ್ದು, ಆಮೇಲೆ ಹದ್ದು. ಮರುಂದು, ಮರ್ದು, ಮದ್ದು. ಪರುಂದು, ಪರ್ದು, ಹದ್ದು. ಎರಡು ಪದಗಳು ಒಂದೇ ಹಾದಿಯಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ಬಂದಿದ್ದರೆ ಆ ಹಾದಿಯನ್ನು ನಂಬಬೇಕು ಎಂಬುದು ಈ ಕಸುಬಿನ ಮೊದಲ ಪಾಠ.

ಈ ಹಾದಿ ಬಿಟ್ಟು ಸಂಸ್ಕೃತದ ಕಡೆಗೆ ಹೊರಳುವ ಆಸೆ ಹಲವರಿಗೆ ಆಗಿದೆ. ಮದ್ದನ್ನು ಕಲ್ಲಿನ ಮೇಲೆ ಅರೆಯುತ್ತಾರೆ, ಸಂಸ್ಕೃತದಲ್ಲಿ ಮರ್ದನ ಎಂದರೆ ಅರೆಯುವುದು, ತಿಕ್ಕುವುದು. ಆದ್ದರಿಂದ ಮರ್ದು ಮರ್ದನದಿಂದಲೇ ಬಂತು ಎಂಬ ವಾದ ಕೇಳಲು ಬಲು ಸೊಗಸು. ಸೊಗಸಾದದ್ದೆಲ್ಲ ನಿಜವಾಗುವುದಿದ್ದರೆ ವ್ಯುತ್ಪತ್ತಿಶಾಸ್ತ್ರ ಯಾಕೆ ಬೇಕಿತ್ತು? ಮರುಂದು, ಮಂದು ಎಂಬ ರೂಪಗಳಲ್ಲಿರುವ ಅನುನಾಸಿಕವನ್ನು ಮರ್ದನ ವಿವರಿಸಲಾರದು. ಮದ್ದಳೆಯದು ಬೇರೆ ಮನೆ, ಅದು ಮರ್ದಲದ ಮಗ. ಮದ್ದಾನೆಯದು ಮದದ ಸಂಬಂಧ. ಮದ್ದೂರನ್ನು ಟಿಪ್ಪುವಿನ ಮದ್ದುಗುಂಡಿಗೆ ತಗಲಿಹಾಕುವ ಕತೆಯೂ ಉಂಟು, ಆದರೆ ಆ ಊರಿನ ಹಳೆಯ ರೂಪ ಮರುದೂರು, ಪುರಾಣದ ಹೆಸರು ಅರ್ಜುನಪುರಿ. ಅರ್ಜುನವೃಕ್ಷಕ್ಕೆ ತಮಿಳಿನಲ್ಲಿ ಮರುದಮರ ಎನ್ನುತ್ತಾರೆ ಎಂಬುದನ್ನು ನೆನೆದರೆ ಆ ಊರು ಮರದ್ದು, ಮದ್ದಿನದ್ದಲ್ಲ ಎನ್ನಿಸುತ್ತದೆ.

ತಿರುಕ್ಕುರಳಿನ ತೊಂಬತ್ತೈದನೆಯ ಅಧಿಕಾರದ ಹೆಸರೇ ಮರುಂದು. ವೈದ್ಯದ ಬಗ್ಗೆ ಹೇಳಬೇಕಾದ ಆ ಹತ್ತು ದ್ವಿಪದಿಗಳಲ್ಲಿ ಒಂದು ಬೇರಿನ ಹೆಸರಿಲ್ಲ, ಒಂದು ಕಷಾಯದ ಸುದ್ದಿಯಿಲ್ಲ. ಉಂಡದ್ದು ಅರಗಿತೇ ನೋಡು, ಅಳವು ಮೀರದೆ ಉಣ್ಣು, ರೋಗವನ್ನು ಅದರ ಬೇರನ್ನು ಕಾಲವನ್ನು ಅರಿತು ನಡೆ ಎಂಬುದೇ ಅದರ ಸಾರ. ಮದ್ದಿನ ಗುಣ ಅದರ ಅಳತೆಯಲ್ಲಿದೆ ಎಂಬ ಈ ತಿಳಿವಳಿಕೆಯನ್ನು ಗಂಟು ಹಾಕಿ ಇಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಮೂಲೆ, ರಾಯದುರ್ಗದ ಕಡೆಗೆ ಚಾಚಿಕೊಂಡ ಮೊಳಕಾಲ್ಮೂರು, ಅದಕ್ಕೆ ಆತುಕೊಂಡ ಚಳ್ಳಕೆರೆ, ಇಲ್ಲಿ ಒಂದೇ ಜಗಲಿಯ ಮೇಲೆ ಕನ್ನಡವೂ ತೆಲುಗೂ ಆಡುತ್ತವೆ. ಅಜ್ಜಿ ತೆಲುಗಿನಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರ ಹೇಳುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಹಾಗಾಗಿ ಮದ್ದೂ ಮಂದೂ ಅಕ್ಕಪಕ್ಕ ಇರುವ ಸೀಮೆ ಇದು, ಎರಡರ ನಡುವಿನ ಒಂದು ವ್ಯತ್ಯಾಸ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ತೆಲುಗಿನಲ್ಲಿ ಮಂದು ಎಂದರೆ ಔಷಧಿಯೂ ಹೌದು, ಸಾರಾಯಿಯೂ ಹೌದು. ಬರಿಯ ‘ಮಂದು ತಾಗಾಡು’ ಎಂದರೆ ಕುಡಿದದ್ದು ಯಾವುದು ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಕನ್ನಡದ ಮದ್ದು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನಮ್ಮಲ್ಲಿ ಆ ಕೆಲಸಕ್ಕೆ ಎಣ್ಣೆ ಬಂತು. ಎಣ್ಣೆಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆ ಎಂದರೆ ಶೇಂಗಾ ಎಣ್ಣೆಯೋ ಸಂಜೆಯ ಎಣ್ಣೆಯೋ ಎಂಬುದನ್ನು ಕ್ರಿಯಾಪದ ಬಂದ ಮೇಲೆಯೇ ತೀರ್ಮಾನಿಸಬೇಕು. ಹೆಂಡ ಮುಟ್ಟದ, ಈಚಲ ಮರವನ್ನು ದೂರವಿಟ್ಟ ಮ್ಯಾಸಬೇಡರ ಕಟ್ಟುಪಾಡು ಗಟ್ಟಿಯಾಗಿದ್ದ ಸೀಮೆಯಲ್ಲಿ ಮಂದಿನ ಈ ಇನ್ನೊಂದು ಅರ್ಥ ಎಷ್ಟು ಮುಜುಗರ ತಂದಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು.

ಆ ಮ್ಯಾಸಬೇಡರದೂ ಕಾಡುಗೊಲ್ಲರದೂ ದನಕುರಿಗಳ ಬದುಕು. ದೇವರ ಎತ್ತುಗಳನ್ನು ಇವತ್ತಿಗೂ ಹಿಂಡುಹಿಂಡಾಗಿ ಸಾಕುವ ಹಟ್ಟಿಗಳಿವೆ. ಅಲ್ಲಿ ಮದ್ದು ಎಂದರೆ ಮೊದಲು ಹಸುವಿನ ಮದ್ದು: ಸೊಪ್ಪು ಅರೆದು, ಬಿದಿರ ಗೊಟ್ಟದಲ್ಲಿ ತುಂಬಿ, ಎತ್ತಿನ ಮೂತಿ ಮೇಲೆತ್ತಿ ಹಿಡಿದು ಗಂಟಲಿಗೆ ಸುರಿಯುವುದು. ಈ ಮಾತನ್ನು ಹಳ್ಳಿಗರ ಮಾತೆಂದು ಕಡೆಗಣಿಸುವಂತಿಲ್ಲ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕೇ ಮೀಸಲಾದ ‘ಖಗೇಂದ್ರಮಣಿದರ್ಪಣ’ವನ್ನು ಕಟ್ಟಿದ. ವಿಷಕ್ಕೆ ಮದ್ದು ಹೇಳುವ ಗ್ರಂಥಗಳು ನಮ್ಮಲ್ಲಿ ಬೇಗ ಬಂದವು. ಸಂಸ್ಕೃತದಲ್ಲಿ ಗದ ಎಂದರೆ ರೋಗ, ಅಗದ ಎಂದರೆ ರೋಗವಳಿಸುವುದು, ವಿಷಚಿಕಿತ್ಸೆ ಅಗದತಂತ್ರ. ಅಲ್ಲಿ ರೋಗಕ್ಕೂ ಮದ್ದಿಗೂ ನಡುವೆ ಒಂದು ‘ಅ’ಕಾರದ ಗೋಡೆಯಿದೆ. ದ್ರಾವಿಡದ ಮದ್ದಿಗೆ ಅಂಥ ಗೋಡೆಯಿಲ್ಲ.

ಗೋಡೆಯಿಲ್ಲದ್ದರಿಂದಲೇ ಸಿಡಿಮದ್ದು ಸಲೀಸಾಗಿ ಒಳಗೆ ಬಂತು. ಇದ್ದಿಲು, ಗಂಧಕ, ಪೆಟ್ಲುಪ್ಪು ಮೂರನ್ನೂ ಪಾಲು ಹಾಕಿ ಅರೆದು ಮಾಡುವ ಪುಡಿಯನ್ನು ಕಂಡವರಿಗೆ ಅದು ವೈದ್ಯನ ಅಂಗಡಿಯ ಚೂರ್ಣಕ್ಕಿಂತ ಬೇರೆಯಾಗಿ ಕಂಡಿರಲಾರದು. ಕನ್ನಡಿಗರಿಗೆ ಮಾತ್ರ ಹಾಗೆ ಕಂಡದ್ದೂ ಅಲ್ಲ. ಚೀನೀಯರು ಅದನ್ನು ಹ್ವೊಯಾವೊ ಎಂದರು, ಬೆಂಕಿಯ ಔಷಧಿ ಎಂದರ್ಥ. ಅರಬ್ಬರ ಹಳೆಯ ಯುದ್ಧಗ್ರಂಥಗಳಲ್ಲಿ ಅದು ದವಾ. ಪಾರಸಿಯ ದಾರೂ ಮೊದಲು ಔಷಧಿ, ಮರಾಠಿ ಹಿಂದಿಗಳಿಗೆ ಬರುವಷ್ಟರಲ್ಲಿ ಸಿಡಿಮದ್ದೂ ಸಾರಾಯಿಯೂ ಆಗಿಬಿಟ್ಟಿತು. ದಕ್ಷಿಣಕ್ಕೆ ಫಿರಂಗಿ ಇಳಿದಾಗ ಮರುಂದು, ಮರುನ್ನು, ಮಂದು, ಮದ್ದು ನಾಲ್ಕೂ ಒಟ್ಟಿಗೆ ಈ ಹೊಸ ಅರ್ಥ ತೊಟ್ಟವು. ಪದ ಎರವಲು ಬಾರದೆ ಅದರೊಳಗಿನ ಕಲ್ಪನೆ ಮಾತ್ರ ನಾಡಿನಿಂದ ನಾಡಿಗೆ ನಡೆದು, ಹೋದಲ್ಲೆಲ್ಲ ಆಯಾ ನಾಡಿನ ಮನೆಮಾತನ್ನೇ ಉಟ್ಟುಕೊಂಡ ಇಂಥ ಪಯಣಗಳು ಭಾಷಾಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದವು.

ಚಿತ್ರದುರ್ಗದ ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳನ್ನು ಈಗಲೂ ನೋಡಬಹುದು: ಕಲ್ಲು ಕಟ್ಟಿದ ಒಂದು ಹೊಂಡ, ಅದರೊಳಗೆ ಆಳೆತ್ತರದ ನಾಲ್ಕು ಬೀಸುಗಲ್ಲುಗಳು. 1779ರಲ್ಲಿ ಹೈದರನ ಕೈಗೆ ದುರ್ಗ ಬೀಳುವವರೆಗೂ ನಾಯಕರ ಪಡೆಗೆ ಮದ್ದು ಒದಗಿದ್ದು ಇಂಥ ಕಲ್ಲುಗಳಿಂದ. ಇಲ್ಲಿಗೆ ಸಂಬಂಧ ಸ್ವಲ್ಪ ದೂರದ್ದಾದರೂ ಒಂದು ಮಾತು ಹೇಳದೆ ಬಿಡಲಾರೆ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದಾಗ ಅದರಲ್ಲಿ ‘ಇಸಿಲ’ ಎಂಬ ಊರ ಹೆಸರು ಕಂಡಿತು. ಬಾಣ ಬಿಡುವ ಅರ್ಥದ ಕನ್ನಡ ಧಾತುವಿಗೆ ಅದನ್ನು ಹೊಂದಿಸಿದವರು ಡಿ.ಎಲ್. ನರಸಿಂಹಾಚಾರ್. ಆ ಊಹೆ ಸರಿಯಾದರೆ ಈ ಸೀಮೆಯ ಮೊತ್ತಮೊದಲ ಕನ್ನಡ ಮಾತು ಅಂಬಿನದು. ಅಂಬಿನಿಂದ ಮದ್ದುಗುಂಡಿನವರೆಗೆ ಎರಡು ಸಾವಿರ ವರ್ಷ.

ಮದ್ದಿನ ಮೂರನೆಯ ಮುಖದ ಬಗ್ಗೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ‘ಅವನಿಗೆ ಮದ್ದು ಹಾಕಿದ್ದಾರೆ’ ಎಂದರೆ ಊಟದಲ್ಲೋ ಎಲೆಯಡಿಕೆಯಲ್ಲೋ ಏನನ್ನೋ ಬೆರೆಸಿ ತಿನ್ನಿಸಿದ್ದಾರೆ, ಅದು ಹೊಟ್ಟೆಯಲ್ಲಿ ಕೂತು ಅವನನ್ನು ಸೊರಗಿಸುತ್ತಿದೆ, ಇಲ್ಲವೇ ಯಾರಿಗೋ ಮರುಳಾಗಿಸಿದೆ ಎಂದರ್ಥ. ಮದ್ದಿಡು, ಮದ್ದಿಕ್ಕು, ಕೈಮದ್ದು. ತೆಲುಗಿನಲ್ಲಿ ಮಂದು ಪೆಟ್ಟು, ತಮಿಳಿನಲ್ಲಿ ಮರುಂದಿಡು. ಹಾಕಿದ ಮದ್ದನ್ನು ವಾಂತಿ ಮಾಡಿಸಿ ತೆಗೆಯುವವರು ಇವತ್ತಿಗೂ ಇದ್ದಾರೆ. ನಂಬಿಕೆಯ ನಿಜ ಸುಳ್ಳು ನಮ್ಮ ವಿಷಯವಲ್ಲ. ಗಮನಿಸಬೇಕಾದದ್ದು ಇಷ್ಟು: ಇಲ್ಲಿ ಮದ್ದು ತಿಂದವನಿಗೆ ತಾನು ತಿಂದದ್ದು ಏನೆಂದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಹೊರೆ ಹೊತ್ತ ಪದ ಮನುಷ್ಯರ ಕಾಯಿಲೆಯ ಮಟ್ಟಿಗೆ ಬಯಲುಸೀಮೆಯಲ್ಲಿ ಹಿಂದೆ ಸರಿದದ್ದು ಆಶ್ಚರ್ಯವಲ್ಲ. ಕರಾವಳಿಯಲ್ಲಿ ‘ಮದ್ದು ತಗೊಂಡ್ರಾ’ ಎಂದು ಕೇಳುತ್ತಾರೆ, ಮದ್ದಿನ ಅಂಗಡಿಗೆ ಹೋಗುತ್ತಾರೆ, ಅಡಿಕೆಗೆ ಕೊಳೆರೋಗ ಬರದಂತೆ ಮದ್ದು ಹೊಡೆಯುತ್ತಾರೆ. ಕೊಡಗಿನಲ್ಲಿ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಉಣ್ಣುತ್ತಾರೆ. ಚಳ್ಳಕೆರೆಯಲ್ಲಿ ಮಾತ್ರ ಮನುಷ್ಯರಿಗೆ ಔಷ್ದಿ, ಅಂಗಡಿಗೆ ಮೆಡಿಕಲ್ಲು. ಮದ್ದು ದನಕ್ಕೆ, ಹೊಲಕ್ಕೆ, ದೀಪಾವಳಿಗೆ. ಔಷ್ದಿಯ ಮೂಲವಾದ ಓಷಧಿ ಫಲ ಮಾಗಿದೊಡನೆ ಸಾಯುವ ಗಿಡ ಎಂದು ಅಮರಸಿಂಹ ಲಕ್ಷಣ ಹೇಳಿದ್ದಾನೆ. ನಮ್ಮ ರಾಗಿ, ನವಣೆ, ಸಜ್ಜೆ ಎಲ್ಲವೂ ಆ ಲೆಕ್ಕದಲ್ಲಿ ಓಷಧಿಗಳೇ. ಔಷಧ ಎನ್ನಬೇಕೋ ಔಷಧಿ ಎನ್ನಬೇಕೋ ಎಂಬ ಪಂಡಿತರ ಜಗಳವನ್ನು ಬಾಯಿಮಾತು ಎಂದೋ ತೀರಿಸಿಬಿಟ್ಟಿದೆ.

ಹೀಗೆ ಹಿಂದೆ ಸರಿದ ಮದ್ದಿಗೆ ಆಸ್ಪತ್ರೆಯೊಳಗೆ ಒಂದು ಬಾಗಿಲು ತೆರೆದೇ ಉಳಿದಿತ್ತು: ಚುಚ್ಚುಮದ್ದು. ಎಂಥ ಸಮಾಸ! ಮದ್ದಿನ ಗುಣ ಬರುವ ಮೊದಲೇ ನೋವು ಬಂದು ಕೂತಿದೆ. ಹಿಂದೆ ಸಿಡುಬಿಗೆ ದಾಕು ಹಾಕಿಸುತ್ತಿದ್ದರು, ಆಮೇಲೆ ಎಲ್ಲವೂ ಚುಚ್ಚುಮದ್ದಾಯಿತು. 2021ರಲ್ಲಿ ಕೊರೊನಾ ತಡೆಗೆ ಹಾಕುವುದಕ್ಕೆ ಲಸಿಕೆ ಎಂಬ ಮಾತು ಊರೂರಲ್ಲಿ ಬೇರೂರಿದ ಮೇಲೆ, ಮೈಯೊಳಗಿನ ನೀರಿನಂಥ ರಸಕ್ಕೆ ಆಯುರ್ವೇದ ಇಟ್ಟ ‘ಲಸೀಕಾ’ ಹೀಗೆ ಹೊಸ ಹುಟ್ಟು ಪಡೆದ ಮೇಲೆ, ಚುಚ್ಚುಮದ್ದು ಪುನಃ ಕಾಯಿಲೆ ಬಂದವರ ಸೂಜಿಗೇ ಮೀಸಲಾಗತೊಡಗಿತು. ಸ್ಟೀರಾಯ್ಡ್ ಬಂದದ್ದು ಈ ಬಾಗಿಲಿನಿಂದ.

ಸ್ಟೀರಾಯ್ಡ್‌ನ ಜಾತಕವೂ ಸ್ವಾರಸ್ಯದ್ದೇ. ಪಿತ್ತಕೋಶದ ಹರಳುಗಳಲ್ಲಿ ಸಿಕ್ಕ ಮೇಣದಂಥ ಪದಾರ್ಥಕ್ಕೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶೆವ್ರಲ್ ಗ್ರೀಕಿನ ಖೊಲೆ, ಸ್ಟೆರಿಯೊಸ್ ಎಂಬ ಎರಡು ಪದ ಕೂಡಿಸಿ ಹೆಸರಿಟ್ಟ: ಪಿತ್ತ, ಗಟ್ಟಿ. ಅದೇ ನಮ್ಮ ಕೊಲೆಸ್ಟೆರಾಲ್. ಅದರ ಬಾಲವನ್ನಷ್ಟೇ ಕತ್ತರಿಸಿಕೊಂಡು ಸ್ಟೆರಾಲ್, ಅದರಂತೆ ಇರುವುದು ಎಂಬ ಪ್ರತ್ಯಯ ಹಚ್ಚಿ 1936ರಲ್ಲಿ ಸ್ಟೀರಾಯ್ಡ್. ವಾತಪಿತ್ತಕಫಗಳ ನಾಡಿನಲ್ಲಿ ಇಂಥ ಪಿತ್ತಮೂಲದ ಹೆಸರಿಗೆ ಪರಕೀಯತೆ ಅಷ್ಟಕ್ಕಷ್ಟೆ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿಯ ಹೊರಪದರಕ್ಕೆ ಲ್ಯಾಟಿನ್ನಿನಲ್ಲಿ ಕಾರ್ಟೆಕ್ಸ್ ಎಂದರು, ಅಂದರೆ ಮರದ ತೊಗಟೆ. ಆ ತೊಗಟೆಯಲ್ಲಿ ಜಿನುಗುವ ರಸಗಳಲ್ಲೊಂದು ಕಾರ್ಟಿಸೋನ್. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅದನ್ನು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದವರಿಗೆ ಕೊಟ್ಟರು, ಅವರು ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್. ಎದ್ದು ನಡೆದವರ ಮುಖ ಕೆಲವು ತಿಂಗಳಲ್ಲಿ ಊದಿ ಗುಂಡಗಾಯಿತು, ಮೂಳೆ ಸವೆಯಿತು, ಸಕ್ಕರೆ ಏರಿತು ಎಂಬುದು ಅದೇ ಕತೆಯ ಮುಂದಿನ ಅಧ್ಯಾಯ. ಆ ಮನೆತನದ ಇನ್ನಷ್ಟು ಖಾರವಾದ ಕುಡಿಯೇ 1957ರಲ್ಲಿ ತಯಾರಾದ ಡೆಕ್ಸಾಮೆಥಾಸೋನ್, ನರ್ಸುಗಳ ಬಾಯಲ್ಲಿ ಡೆಕ್ಸಾ.

ಕನ್ನಡದಲ್ಲಿ ಈ ಹೆಸರಿನ ಕಾಗುಣಿತ ಇನ್ನೂ ನೆಲೆ ನಿಂತಿಲ್ಲ. ಸ್ಟೀರಾಯ್ಡ್, ಸ್ಟಿರಾಯ್ಡ್, ಸ್ಟೆರಾಯ್ಡ್, ಸ್ಟೀರಾಯಿಡ್ ಎಲ್ಲವೂ ಪತ್ರಿಕೆಗಳಲ್ಲಿ ಸಿಗುತ್ತವೆ. ಆಡುಮಾತು ಇವೆಲ್ಲವನ್ನೂ ಬದಿಗೊತ್ತಿ ತನ್ನ ಹಳೆಯ ಕಟ್ಟಳೆಯಂತೆ ಮುಂದೊಂದು ಇಕಾರ, ಹಿಂದೊಂದು ಉಕಾರ ಅಂಟಿಸಿ ಇಸ್ಟಿರಾಯ್ಡು ಎಂದಿತು. ಇಸ್ಕೂಲು, ಇಸ್ಟೇಷನ್ನು ಹುಟ್ಟಿದ ಮನೆಯಲ್ಲೇ ಹುಟ್ಟಿದ ಮಗು. ಒತ್ತಕ್ಷರದಿಂದ ಪದ ಶುರುವಾಗುವುದನ್ನು ಒಪ್ಪದ ದ್ರಾವಿಡ ನಾಲಿಗೆಯ ಹಟ ಎಷ್ಟು ಹಳೆಯದೋ ಅಷ್ಟೇ ಹೊಸದು.

ಹೆಸರು ಹೊಸದು, ಸರಕು ಹೊಸದಲ್ಲ. ಕೊರೊನಾಕ್ಕೆ ಬಹಳ ಮೊದಲೇ ಹಳ್ಳಿಗಾಡಿನಲ್ಲಿ ಡೆಕ್ಸಾ ಸೂಜಿ ಓಡಾಡುತ್ತಿತ್ತು, ಹೆಸರಿಲ್ಲದ ಪುಡಿಯ ಪೊಟ್ಟಣಗಳಲ್ಲಿ ಅದರ ನೆಂಟರು ಮಲಗಿರುತ್ತಿದ್ದರು. ಮಂಡಿನೋವಿನ ಮುದುಕಿ ಒಂದು ಸೂಜಿಗೆ ಎದ್ದು ಬುಟ್ಟಿ ಹೊತ್ತಳು, ದಮ್ಮಿನವನು ಅವತ್ತೇ ರಾತ್ರಿ ನಿದ್ದೆ ಮಾಡಿದ. ಜನ ಅದನ್ನು ಕರೆದದ್ದು ಕೈಗುಣ ಎಂದು. ‘ಆ ಡಾಕ್ಟ್ರ ಕೈಗುಣ ಒಳ್ಳೇದು’ ಎಂಬ ಮಾತಿನಲ್ಲಿ ಎಷ್ಟು ಪಾಲು ಕೈಯದು, ಎಷ್ಟು ಪಾಲು ಸ್ಟೀರಾಯ್ಡಿನದು ಎಂದು ಯಾರೂ ಅಳೆದಿಲ್ಲ. ತಿಂದವನಿಗೆ ತಿಂದದ್ದು ಏನೆಂದು ಗೊತ್ತಿಲ್ಲದ ಆ ಮೂರನೆಯ ಅರ್ಥದ ಮದ್ದು ಇಲ್ಲಿ ಬಿಳಿ ಮಾತ್ರೆಯ ವೇಷದಲ್ಲಿ ಬಂದಿತ್ತು.

ಕೊರೊನಾ ಬಂದಾಗ ಬೇರೆ ಪದಗಳೂ ಒಟ್ಟಿಗೆ ಬಂದವು. ತೀವ್ರ ನಿಗಾ ಘಟಕ ಎಂಬುದನ್ನೇ ನೋಡಿ: ತೀವ್ರ ಸಂಸ್ಕೃತ, ಘಟಕ ಸಂಸ್ಕೃತ, ನಡುವೆ ಪಾರಸಿಯ ನಿಗಾಹ್, ಅಂದರೆ ನೋಟ. ದರ್ಬಾರಿನಲ್ಲೂ ಗಜಲಿನಲ್ಲೂ ಓಡಾಡಿದ ಆ ಕಣ್ಣೋಟ ಕಚೇರಿಗಳ ‘ನಿಗಾ ವಹಿಸುವುದು’ ಆಗಿ, ಕೊನೆಗೆ ಉಸಿರಿಗೆ ಏದುತ್ತಿರುವವನ ತಲೆಯ ಬಳಿಯ ಯಂತ್ರದ ಕಾವಲಾಯಿತು. ಬಾಯಲ್ಲಿ ಮಾತ್ರ ಅದು ಐಸಿಯು, ‘ಐಸೀಯೂಗೆ ಹಾಕವ್ರೆ’. ಆಮ್ಲಜನಕ ಇನ್ನೊಂದು. ಎಲ್ಲ ಆಮ್ಲಗಳನ್ನೂ ಹುಟ್ಟಿಸುವುದು ಇದೇ ಎಂದು ಹೆಸರಿಟ್ಟ ಲವೋಸಿಯೆ ನಂಬಿದ್ದು ಸರಿಯಲ್ಲವೆಂದು ಆಮೇಲೆ ಗೊತ್ತಾಯಿತು. ಹೆಸರು ಗ್ರೀಕಿನಿಂದ ಕನ್ನಡಕ್ಕೆ ಹಾಗೆಯೇ ಅನುವಾದಗೊಂಡು ಆ ತಪ್ಪನ್ನೂ ಹೊತ್ತು ತಂದಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಆ ಹೆಸರನ್ನು ಜಪಿಸದ ಮನೆ ಕಡಿಮೆ. ಮೊಳಕಾಲ್ಮೂರಿನವರು ಕಾಯಿಲೆ ಬಿಗಡಾಯಿಸಿದರೆ ಬಳ್ಳಾರಿಯ ದಾರಿ ಹಿಡಿಯುತ್ತಾರೆ, ಚಳ್ಳಕೆರೆಯವರು ಚಿತ್ರದುರ್ಗ, ದಾವಣಗೆರೆಯ ಕಡೆಗೆ. ಉಸಿರು ಸಾಲದವನಿಗೆ ಆ ದಾರಿ ಎಷ್ಟು ಉದ್ದ ಎಂಬುದನ್ನು ಕಿಲೋಮೀಟರಿನ ಕಲ್ಲು ಹೇಳುವುದಿಲ್ಲ.

ಅಲ್ಲಿ ಕಾದಿದ್ದದ್ದು ಡೆಕ್ಸಾ. 2020ರ ಜೂನ್ 16ರಂದು ಆಕ್ಸ್‌ಫರ್ಡಿನ ‘ರಿಕವರಿ’ ಪ್ರಯೋಗದ ಫಲಿತಾಂಶ ಹೊರಬಿತ್ತು. 2,104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನದವರೆಗೆ ಡೆಕ್ಸಾಮೆಥಾಸೋನ್ ಕೊಟ್ಟು, 4,321 ಮಂದಿಗೆ ಎಂದಿನ ಆರೈಕೆಯನ್ನಷ್ಟೇ ಮಾಡಿ, ಇಪ್ಪತ್ತೆಂಟು ದಿನದ ಲೆಕ್ಕ ಹಾಕಿದ್ದರು. ವೆಂಟಿಲೇಟರಿನಲ್ಲಿದ್ದವರ ಪೈಕಿ ಸಾವು ನೂರಕ್ಕೆ 41.4ರಿಂದ 29.3ಕ್ಕೆ ಇಳಿಯಿತು; ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಜೂನ್ 27ರಂದೇ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಚಿಕಿತ್ಸಾ ಸೂಚಿಯಲ್ಲಿ ಅದನ್ನು ಸೇರಿಸಿತು, ಸೆಪ್ಟೆಂಬರ್ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತೀವ್ರ ರೋಗಿಗಳಿಗೆ ಸ್ಟೀರಾಯ್ಡ್ ಕೊಡಿ ಎಂದಿತು. ದುಬಾರಿ ಹೊಸ ಔಷಧಿಗಳಿಗಾಗಿ ಜನ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಜೀವ ಉಳಿಸಿದ್ದು ಅರವತ್ತು ವರ್ಷ ಹಳೆಯ, ಯಾವ ಸರ್ಕಾರಿ ಆಸ್ಪತ್ರೆಯ ಬೀರುವಿನಲ್ಲೂ ಸಿಗುವ ಅಗ್ಗದ ಸೀಸೆ.

ಅದು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿದೆ. ವೈರಸ್ಸು ಮೊದಲ ವಾರ ಮೈಯೊಳಗೆ ಹೆಚ್ಚುತ್ತದೆ. ಎರಡನೆಯ ವಾರ ಕೆಲವರಲ್ಲಿ ಅದನ್ನು ಅಟ್ಟಲು ಎದ್ದ ಮೈಯ ಕಾವಲು ಪಡೆಯೇ ಲಂಗುಲಗಾಮಿಲ್ಲದೆ ಶ್ವಾಸಕೋಶದ ಮೇಲೆ ಬೀಳುತ್ತದೆ, ಅದು ಉರಿಯುತ್ತದೆ, ಊದುತ್ತದೆ. ಉರಿ, ಊತ: ಉರಿಯೂತ. ಪಠ್ಯಪುಸ್ತಕಕ್ಕಾಗಿ ಟಂಕಿಸಿದ ಪದಗಳಲ್ಲಿ ಇಷ್ಟು ಕನ್ನಡದ್ದಾದದ್ದು ಅಪರೂಪ. ಸ್ಟೀರಾಯ್ಡ್ ಆ ಪಡೆಯ ಕೈ ಹಿಡಿಯುತ್ತದೆ, ವೈರಸ್ಸನ್ನು ಮುಟ್ಟುವುದಿಲ್ಲ.

ಹಾಗಾದರೆ ಪಡೆ ಇನ್ನೂ ಹದ್ದುಮೀರದವನಿಗೆ ಕೊಟ್ಟರೆ? ಅದೇ ಪ್ರಯೋಗದಲ್ಲಿ ಆಮ್ಲಜನಕವೇ ಬೇಕಿಲ್ಲದವರ ಗುಂಪೊಂದಿತ್ತು. ಅವರಲ್ಲಿ ಡೆಕ್ಸಾ ಪಡೆಯದವರ ಸಾವು ನೂರಕ್ಕೆ 14.0, ಪಡೆದವರದು 17.8. ಈ ಅಂತರ ಆಕಸ್ಮಿಕವೂ ಆಗಿರಬಹುದೆಂದು ಗಣಿತ ಹೇಳಿತು, ಆದರೆ ಉಪಯೋಗವಿಲ್ಲ, ಕೇಡು ಇರಬಹುದು ಎಂಬುದು ಸ್ಪಷ್ಟವಿತ್ತು. ಇಲ್ಲಿ ನಾವು ಗಂಟು ಹಾಕಿ ಇಟ್ಟಿದ್ದನ್ನು ಬಿಚ್ಚಬೇಕು. ಮಾತ್ರಾ ಎಂದರೆ ಸಂಸ್ಕೃತದಲ್ಲಿ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಉಚ್ಚಾರದ ಕಾಲವನ್ನು ಅಳೆಯುವ ಅದೇ ಪದ ವೈದ್ಯರ ಕೈಯಲ್ಲಿ ಒಂದು ಸಲಕ್ಕೆ ಕೊಡುವ ಪ್ರಮಾಣವಾಯಿತು, ಪ್ರಮಾಣದಿಂದ ಆ ಪ್ರಮಾಣಕ್ಕೆ ಉಂಡೆ ಕಟ್ಟಿದ ಗುಳಿಗೆಯೇ ಮಾತ್ರೆಯಾಯಿತು, ಗುಳಿಗೆಯಾದ ಮೇಲೆ ಅಳತೆಯ ನೆನಪು ಅಳಿಯಿತು. ‘ಎರಡು ಮಾತ್ರೆ ನುಂಗು’ ಎನ್ನುವವನಿಗೆ ತಾನು ‘ಎರಡು ಅಳತೆ ನುಂಗು’ ಎನ್ನುತ್ತಿದ್ದೇನೆ ಎಂಬುದು ತಿಳಿಯದು. ಕಾಲವನ್ನೂ ಪ್ರಮಾಣವನ್ನೂ ಒಂದೇ ಪದದಲ್ಲಿ ಹಿಡಿದ ಭಾಷೆ ನಮ್ಮದು. ಡೆಕ್ಸಾದ ವಿಚಾರದಲ್ಲಿ ಬೇಕಾಗಿದ್ದದ್ದು ಸರಿಯಾಗಿ ಅವೆರಡೇ: ಎಷ್ಟು, ಯಾವಾಗ.

ಎರಡನೆಯ ಅಲೆಯಲ್ಲಿ ತಪ್ಪಿದ್ದೂ ಅವೆರಡೇ. ಜ್ವರ ಬಂದ ಮೊದಲ ದಿನವೇ ಚೀಟಿಯಿಲ್ಲದೆ, ಯಾರದೋ ಮೊಬೈಲಿಗೆ ಬಂದ ಪಟ್ಟಿ ನೋಡಿಕೊಂಡು ಸ್ಟೀರಾಯ್ಡ್ ನುಂಗಿದವರು ದೇಶದುದ್ದಕ್ಕೂ ಇದ್ದರು. ಬೇಡ ಎಂದು ದೆಹಲಿಯ ಏಮ್ಸ್‌ನ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಆ ದಿನಗಳಲ್ಲಿ ಮತ್ತೆಮತ್ತೆ ಹೇಳಬೇಕಾಯಿತು. ನುಂಗಿದೊಡನೆ ಜ್ವರ ಇಳಿಯುತ್ತದೆ, ಮೈ ಹಗುರವಾಗುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಒಳಗೆ ವೈರಸ್ಸಿಗೆ ಮೈದಾನ ಖಾಲಿ ಸಿಕ್ಕಿರುತ್ತದೆ. ಇದಕ್ಕೆ ಚಳ್ಳೆಹಣ್ಣು ತಿನ್ನಿಸುವುದು ಎನ್ನದೆ ಇನ್ನೇನೆನ್ನಲಿ? ಆ ಅಂಟುಹಣ್ಣಿನ ಮರದಿಂದಲೇ ಚಳ್ಳಕೆರೆಗೆ ಹೆಸರು ಬಂತು ಎಂದು ಜನ ಹೇಳುತ್ತಾರೆ, ಆದ್ದರಿಂದ ಈ ನುಡಿಗಟ್ಟನ್ನು ಇಲ್ಲಿ ಬಳಸುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಆಮೇಲೆ ಬಂತು ಕಪ್ಪು ಶಿಲೀಂಧ್ರ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡ್ ಏರಿಸಿದ ಸಕ್ಕರೆ, ಮಲಗಿಸಿಟ್ಟ ಮೈಯ ಕಾವಲು. ಗಾಳಿಯಲ್ಲಿ ಸದಾ ಇರುವ ಒಂದು ಬೂಷ್ಟು ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬಿತು. 2021ರ ಮೇ 20ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ರಾಜ್ಯಗಳಿಗೆ ತಿಳಿಸಿತು, ಅದಕ್ಕೆ ಕೊಡುವ ಔಷಧಿ ಆಂಫೊಟೆರಿಸಿನ್‌ಗಾಗಿ ಹುಡುಕಾಟ ಶುರುವಾಯಿತು. ಬೂಷ್ಟು ಎಂಬ ಅಪ್ಪಟ ಮಾತು ನಮಗಿತ್ತು, ಹಳಸಿದ ರೊಟ್ಟಿಯ ಮೇಲೂ ಮಳೆಗಾಲದ ಚಪ್ಪಲಿಯ ಮೇಲೂ ಅದನ್ನು ದಿನವೂ ಕಾಣುತ್ತಿದ್ದೆವು. ಪತ್ರಿಕೆಗಳು ಶಿಲೀಂಧ್ರವನ್ನೇ ಆರಿಸಿದವು. ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲ ಬಿರಿದು ಏಳುವ ಶಿಲೀಂಧ್ರಗಳು ಮಳೆ ಬಂತೆಂಬ ಶುಭಸೂಚನೆ, ಬೆಳೆಯ ಭರವಸೆ. ಮಳೆಗಾಗಿ ಬಾನು ನೋಡುವ ಮೊಳಕಾಲ್ಮೂರಿಗೆ ಕಾಳಿದಾಸನ ಪದ ತಲುಪಿದ್ದು ಈ ಅರ್ಥದಲ್ಲಿ, ಇಂಥ ಕಾಲದಲ್ಲಿ. ಪದಗಳಿಗೂ ಹಣೆಬರಹವಿರುತ್ತದೆ.

ಓದುಗರ ಪದಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ‘ಇಗೋ ಕನ್ನಡ’ ಅಂಕಣದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ತೀರಿಕೊಂಡದ್ದು ಆ ಅಲೆ ಏರುತ್ತಿದ್ದ 2021ರ ಏಪ್ರಿಲ್ 19ರಂದು, ನೂರ ಏಳನೆಯ ವಯಸ್ಸಿನಲ್ಲಿ. ಸ್ಟೀರಾಯ್ಡಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಯಾರಾದರೂ ಅವರಿಗೆ ಕಾಗದ ಬರೆದಿದ್ದರೆ ಅವರು ಮೊದಲು ಜನ ಅದನ್ನು ಯಾವ ಕ್ರಿಯಾಪದದ ಜೊತೆ ಆಡುತ್ತಾರೆ ಎಂದು ವಿಚಾರಿಸುತ್ತಿದ್ದರೇನೋ. ಹೊಸ ಪದ ಭಾಷೆಯೊಳಗೆ ಕೂತಿತೇ ಇಲ್ಲವೇ ಎಂಬುದು ತಿಳಿಯುವುದು ಅದಕ್ಕೆ ಸಿಕ್ಕ ಕ್ರಿಯಾಪದದಿಂದ. ಮದ್ದಿನ ಹಿಂದೆ ಎಂಥ ದೊಡ್ಡ ಸಂಸಾರ: ಮದ್ದು ಅರೆ, ಮದ್ದು ಕುಡಿಸು, ಮದ್ದು ಹಚ್ಚು, ಮದ್ದು ಹಾಕು, ಮದ್ದು ಇಡು, ಮದ್ದು ಹೊಡೆ, ಮದ್ದು ತೆಗೆಸು. ಸ್ಟೀರಾಯ್ಡು ಮೊದಮೊದಲು ಇಂಗ್ಲಿಷಿನವರ ಹಾಗೆ ‘ಕೊಡು’ ಒಂದನ್ನೇ ಹಿಡಿದುಕೊಂಡಿತ್ತು. ಬರಬರುತ್ತಾ ಹಾಕು, ಏರಿಸು ಬಂದವು. ಈಗ ಇಳಿಸು ಬಂದಿದೆ. ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡ ಮೈಯಲ್ಲಿ ಆ ತೊಗಟೆಯ ಗ್ರಂಥಿ ತನ್ನ ಕೆಲಸ ಮರೆತು ಮಲಗಿಬಿಡುತ್ತದೆ, ಆದ್ದರಿಂದ ಥಟ್ಟನೆ ನಿಲ್ಲಿಸುವಂತಿಲ್ಲ, ದಿನದಿನಕ್ಕೆ ಪ್ರಮಾಣ ತಗ್ಗಿಸುತ್ತಾ ಬರಬೇಕು. ಅದಕ್ಕೆ ಆಸ್ಪತ್ರೆಯವರು ‘ಡೋಸು ಇಳಿಸ್ತಾ ಬರಬೇಕು’ ಎನ್ನುತ್ತಾರೆ. ನಮ್ಮಲ್ಲಿ ಇಳಿಸುವುದು ಜ್ವರವನ್ನು, ಅಮಲನ್ನು, ಹಾವು ಕಚ್ಚಿದವರ ಮೈಯ ವಿಷವನ್ನು. ಔಷಧಿಯನ್ನು ಇಳಿಸುವ ಮಾತು ಕನ್ನಡದಲ್ಲಿ ಇದಕ್ಕೆ ಮೊದಲು ನನ್ನ ಕಿವಿಗೆ ಬಿದ್ದಿರಲಿಲ್ಲ.